ರಕ್ತ ಬರುತ್ತದೆ, ನೋವಿಲ್ಲ: ಹಲ್ಲು ಕ್ಲೀನಿಂಗ್ ಮಾಡಿಸಬೇಕಾ?

ಪ್ರಶ್ನೆ: ನನಗೆ 52 ವರ್ಷ. ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಬಿಪಿಗೆ ಆಮ್ಲೊಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಳೆದ ತಿಂಗಳ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ, 8.2 ಇತ್ತು. ಒಂದು ವರ್ಷದಿಂದ ಹಲ್ಲುಜ್ಜುವಾಗ ರಕ್ತ ಬರುತ್ತಿದೆ. ನೋವು ಇಲ್ಲ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಹಳದಿಯಾಗಿ ಗಟ್ಟಿ ಕಟ್ಟಿದೆ, ಅದೂ ನೋವಿಲ್ಲ. ಊಟವಾದ ಮೇಲೆ ಎಲೆ ಅಡಿಕೆ ಹಾಕುತ್ತೇನೆ, ಹೊಗೆಸೊಪ್ಪು ಇಲ್ಲ. ಇಲ್ಲಿನ ಹಲ್ಲಿನ ಡಾಕ್ಟರ್ ನೋಡಿ, ಮೊದಲು ಕ್ಲೀನಿಂಗ್, ಆಮೇಲೆ ವಸಡಿನ ಒಳಗೂ ಕ್ಲೀನ್ ಮಾಡಬೇಕು, ನಾಲ್ಕು ಸಲ ಬನ್ನಿ ಅಂದರು. ಆದರೆ ನಮ್ಮ ನಾದಿನಿ ಕ್ಲೀನಿಂಗ್ ಮಾಡಿಸಿದ ಎರಡೇ ತಿಂಗಳಲ್ಲಿ ಮುಂದಿನ ಎರಡು ಹಲ್ಲು ಅಲುಗಾಡಿ, ಕೀಳಿಸಬೇಕಾಯಿತು. ಹಲ್ಲಿನ ಮೇಲಿನ ಪದರವೇ ಹೋಗುತ್ತದೆ, ಒಮ್ಮೆ ಮಾಡಿಸಿದರೆ ಮತ್ತೆ ಮತ್ತೆ ಮಾಡಿಸುತ್ತಲೇ ಇರಬೇಕು ಅನ್ನುತ್ತಾಳೆ. ನ್ಯೂಜೆರ್ಸಿಯಲ್ಲಿರುವ ಮಗಳು ಆರು ತಿಂಗಳಿಗೊಮ್ಮೆ ಹೈಜೀನಿಸ್ಟ್, ಅಂದರೆ ಹಲ್ಲು ಕ್ಲೀನಿಂಗ್ ಮಾಡುವುದನ್ನೇ ಕಲಿತವರ, ಹತ್ತಿರ ಹೋಗುತ್ತಾಳೆ, ನೀನೂ ಹಾಗೇ ಹೋಗಮ್ಮ ಅಂತ ಜಗಳ ಮಾಡುತ್ತಾಳೆ. ಇಲ್ಲಿ ಹೈಜೀನಿಸ್ಟ್ ಅಂತ ಯಾರೂ ಕಂಡಿಲ್ಲ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಮೂವರಿಗೂ ಒಂದೊಂದು ಸಾಲು ಹೇಳಿಬಿಡುತ್ತೇನೆ. ನಿಮ್ಮ ಡಾಕ್ಟರ್ ಹೇಳಿದ್ದು ಸರಿ, ಮಾಡಿಸಿಕೊಳ್ಳಿ. ಮಗಳ ಮಾತು ಮುಕ್ಕಾಲು ಸರಿ. ನಾದಿನಿ ಕಂಡಿದ್ದು ನಿಜ, ಆದರೆ ಅವರ ಹಲ್ಲು ಹೋಗಿದ್ದು ಕ್ಲೀನಿಂಗ್‌ನಿಂದ ಅಲ್ಲ. ನಾನು ಇಪ್ಪತ್ತು ವರ್ಷದಿಂದ ವಸಡಿನ ಕೆಲಸವನ್ನೇ ಮಾಡುತ್ತಿರುವವನು. ನಿಮ್ಮ ನಾದಿನಿಯ ಮಾತು ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರ ಬಾಯಿಂದ ನನ್ನ ಕಿವಿಗೆ ಬೀಳುತ್ತದೆ. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಿದರೆ ಯಾರಿಗೂ ಉಪಯೋಗವಿಲ್ಲ. ಬಿಡಿಸಿ ನೋಡೋಣ.

ಅದಕ್ಕೂ ಮೊದಲು ರಕ್ತದ ವಿಷಯ. ನೋವಿಲ್ಲ ಅಂತ ಎರಡು ಸಲ ಬರೆದಿದ್ದೀರಿ. ಅದು ನಿಮಗೆ ಸಮಾಧಾನದ ಮಾತು, ನನಗೆ ಅಲ್ಲ. ಹುಳುಕು ಹಲ್ಲಾದರೆ ಒಂದಲ್ಲ ಒಂದು ರಾತ್ರಿ ನಿದ್ದೆ ಕೆಡಿಸಿ ನಿಮ್ಮನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಬರುತ್ತದೆ. ವಸಡಿನ ಕಾಯಿಲೆಗೆ ಆ ಸ್ವಭಾವ ಇಲ್ಲ. ನಿಮ್ಮ ಸಕ್ಕರೆ, ಬಿಪಿ ಶುರುವಾದಾಗ ಎಲ್ಲಾದರೂ ನೋವಾಗಿತ್ತಾ? ಇದೂ ಅದೇ ಜಾತಿ. ಹತ್ತು ಹದಿನೈದು ವರ್ಷ ಸುಮ್ನೆ ಕೆಲಸ ಮಾಡಿಕೊಂಡಿರುತ್ತದೆ. ಅಷ್ಟು ದಿನ ಅದು ತೋರಿಸುವ ಗುರುತು ಅಂದರೆ ಬ್ರಷ್ ಮೇಲಿನ ಕೆಂಪು, ಬೆಳಗಿನ ಬಾಯಿ ವಾಸನೆ, ಅಷ್ಟೇ. ರಕ್ತ ಬಂತು ಅಂತ ಅಲ್ಲಿ ಉಜ್ಜುವುದನ್ನೇ ಬಿಡುವವರು ಬಹಳ ಜನ. ಉಜ್ಜದಿದ್ದರೆ ಇನ್ನೂ ಜಾಸ್ತಿ ಬರುತ್ತದೆ.

ಇದು ನನ್ನ ಊಹೆಯಲ್ಲ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಎಂಬ ವಸಡಿನ ತಜ್ಞರಿದ್ದರು. ಅವರ ತಂಡ 1965ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನಮ್ಮ ವಿಷಯದಲ್ಲಿ ಮೈಲಿಗಲ್ಲು. ವಸಡು ಚೆನ್ನಾಗಿದ್ದ 12 ಜನರನ್ನು ಆರಿಸಿಕೊಂಡರು. ಅವರಲ್ಲಿ ಹೆಚ್ಚಿನವರು ಹಲ್ಲಿನ ಡಾಕ್ಟರ್ ಆಗಲು ಓದುತ್ತಿದ್ದ ವಿದ್ಯಾರ್ಥಿಗಳೇ. ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿ ಅಂದರು. ಹತ್ತರಿಂದ ಇಪ್ಪತ್ತೊಂದು ದಿನದೊಳಗೆ ಹನ್ನೆರಡೂ ಜನರ ವಸಡು ಉರಿಗೊಂಡು ಕೆಂಪಾಯಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲರದ್ದೂ ಮೊದಲಿನಂತಾಯಿತು. ಊಟ ಬದಲಿಸಲಿಲ್ಲ, ಮಾತ್ರೆ ಕೊಡಲಿಲ್ಲ. ರಕ್ತ ಬರುತ್ತದೆ ಅಂತ ಅಂಗಡಿಯಿಂದ ವಿಟಮಿನ್ ಸಿ ಮಾತ್ರೆ ತಂದು ಚೀಪುವವರಿಗೆ ನಾನು ಈ ಕತೆ ಹೇಳುತ್ತೇನೆ. ನಿಂಬೆ, ನೆಲ್ಲಿ, ಸೊಪ್ಪು ಕಾಣುವ ನಮ್ಮ ಊಟದಲ್ಲಿ ಆ ವಿಟಮಿನ್ ಕೊರತೆಯಿಂದ ವಸಡು ಒಡೆಯುವುದು ಅಪರೂಪ.

ಆ 12 ಜನರ ಬಾಯಲ್ಲಿ ಆಗಿದ್ದೇನು? ಬೆಳಗ್ಗೆ ಎದ್ದಾಗ ಹಲ್ಲಿನ ಬುಡವನ್ನು ಉಗುರಿನಿಂದ ಕೆರೆದು ನೋಡಿ, ಬಿಳಿ ಲೋಳೆ ಬರುತ್ತದೆ. ಅನ್ನದ ಅಗುಳು ಅಲ್ಲ ಅದು, ಬ್ಯಾಕ್ಟೀರಿಯಾಗಳು ಒಟ್ಟಾಗಿ ಕಟ್ಟಿಕೊಂಡ ಮನೆ. ನಮ್ಮ ಜನ ಅದಕ್ಕೆ ಪಾಚಿ ಅನ್ನುತ್ತಾರೆ, ಅದಕ್ಕಿಂತ ಒಳ್ಳೆಯ ಪದ ನನಗೂ ಸಿಕ್ಕಿಲ್ಲ. ನೀರಿನ ತೊಟ್ಟಿಯ ಗೋಡೆಯ ಪಾಚಿ ನೀರು ಎರಚಿದರೆ ಹೋಗುವುದಿಲ್ಲ, ಉಜ್ಜಬೇಕು. ಬಾಯಿ ಮುಕ್ಕಳಿಸುವ ಔಷಧಿ ಒಂದನ್ನೇ ನಂಬಿದವರಿಗೆ ಯಾಕೆ ಗುಣವಾಗುವುದಿಲ್ಲ ಅಂದರೆ ಇದೇ ಕಾರಣ.

ಉಜ್ಜದೆ ಬಿಟ್ಟ ಪಾಚಿಗೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿ ಕೆಲವೇ ದಿನಗಳಲ್ಲಿ ಅದು ಗಟ್ಟಿಯಾಗಲು ಶುರುವಾಗುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯಾಗಿ ಕಟ್ಟುತ್ತದಲ್ವಾ, ಹಾಗೆ. ನಿಮಗೆ ಕೆಳಗಿನ ಮುಂದಿನ ಹಲ್ಲುಗಳ ಹಿಂದೆಯೇ ಕಟ್ಟಿದ್ದಕ್ಕೂ ಕಾರಣವಿದೆ. ನಾಲಿಗೆಯ ಕೆಳಗೆ, ಸರಿಯಾಗಿ ಆ ಜಾಗದಲ್ಲೇ ಎಂಜಲಿನ ಗ್ರಂಥಿಗಳ ಬಾಯಿ ತೆರೆದುಕೊಳ್ಳುತ್ತದೆ. ಮೇಲಿನ ದವಡೆ ಹಲ್ಲುಗಳ ಕೆನ್ನೆಯ ಕಡೆಗೂ ಹೀಗೇ ಜಾಸ್ತಿ ಕಟ್ಟುತ್ತದೆ, ಅಲ್ಲಿ ಇನ್ನೊಂದು ಗ್ರಂಥಿಯ ಬಾಯಿ ಇದೆ. ಒಮ್ಮೆ ಕಲ್ಲಾದ ಮೇಲೆ ಯಾವ ಬ್ರಷ್‌ಗೂ, ಯಾವ ಪೇಸ್ಟ್‌ಗೂ ಅದು ಬಗ್ಗುವುದಿಲ್ಲ. ಹಾಗಂತ ಕಲ್ಲು ತಾನಾಗಿ ಅಷ್ಟು ಕೆಟ್ಟದ್ದಲ್ಲ. ಅದರ ಮೈ ಒರಟು, ಆ ಒರಟಿನ ಮೇಲೆ ದಿನಾ ಹೊಸ ಪಾಚಿ ಕೂರುತ್ತದೆ, ನಿಮ್ಮ ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ತೊಂದರೆ ಇರುವುದು ಅಲ್ಲಿ.

ವಸಡು ಮಾತ್ರ ಉರಿಗೊಂಡಿದ್ದರೆ ಡೆನ್ಮಾರ್ಕಿನ ಹುಡುಗರ ಹಾಗೆ ಪೂರ್ತಿ ವಾಪಸ್ ಬರಬಹುದು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೆಲವರಲ್ಲಿ ಉರಿ ಕೆಳಗೆ ಇಳಿಯುತ್ತದೆ. ಹಲ್ಲನ್ನು ಹಿಡಿದುಕೊಂಡಿರುವ ದವಡೆ ಮೂಳೆ ಕರಗುತ್ತಾ ಹೋಗುತ್ತದೆ. ಹಲ್ಲಿಗೂ ವಸಡಿಗೂ ನಡುವೆ ಅಂಗಿಯ ಜೇಬಿನ ಹಾಗೆ ಒಂದು ಸಂದು ಆಳವಾಗುತ್ತದೆ. ನಾವು ಅದಕ್ಕೆ ಪಾಕೆಟ್ ಅಂತಲೇ ಅನ್ನುತ್ತೇವೆ. ಗೆರೆ ಹಾಕಿದ ಸಣ್ಣ ಕಡ್ಡಿಯೊಂದನ್ನು ಅದರೊಳಗೆ ಇಳಿಸಿ ಅಳೆಯುತ್ತೇವೆ. 3 ಮಿಲಿಮೀಟರ್‌ವರೆಗೆ ಸರಿ. 4, 5 ಅಂದರೆ ಎಚ್ಚರ. 6 ದಾಟಿದರೆ ಕೆಲಸ ಜೋರಾಗಿ ನಡೆಯುತ್ತಿದೆ ಅಂತ ಅರ್ಥ. ಕರಗಿದ ಮೂಳೆ ಸಾಮಾನ್ಯವಾಗಿ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಇರುವುದನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ. ನಿಮ್ಮ ಡಾಕ್ಟರ್ ವಸಡಿನ ಒಳಗೂ ಕ್ಲೀನ್ ಮಾಡಬೇಕು ಅಂದಿದ್ದಾರೆ, ಅಂದರೆ ಅವರಿಗೆ ಪಾಕೆಟ್ ಸಿಕ್ಕಿದೆ. ಯಾವ ಹಲ್ಲಿಗೆ ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ. ಎಚ್‌ಬಿಎ1ಸಿ ಬರೆದಿಟ್ಟುಕೊಳ್ಳುವ ನೀವು ಇದನ್ನೂ ಬರೆದಿಟ್ಟುಕೊಳ್ಳಬಹುದು.

ಈಗ ನಾದಿನಿಯ ಹಲ್ಲಿಗೆ ಬರೋಣ.

ಕೆಲವು ವರ್ಷದ ಹಿಂದೆ ಹರಪನಹಳ್ಳಿ ಕಡೆಯ ರೈತರೊಬ್ಬರು ಬಂದಿದ್ದರು. ಅರವತ್ತರ ಆಸುಪಾಸು. ಕೆಳಗಿನ ಆರು ಮುಂದಿನ ಹಲ್ಲುಗಳ ಹಿಂದೆ ಕಲ್ಲು ಎಷ್ಟು ಕಟ್ಟಿತ್ತು ಅಂದರೆ ಹಲ್ಲು ಯಾವುದು, ಕಲ್ಲು ಯಾವುದು ಗೊತ್ತಾಗುತ್ತಿರಲಿಲ್ಲ. ಮೆಷಿನ್ ತಾಗಿಸುತ್ತಿದ್ದ ಹಾಗೆ ಒಂದು ತುಂಡು ಕಳಚಿ ಬಂತು, ಕಡಲೆಬೇಳೆಗಿಂತ ದೊಡ್ಡದು. ಅವರು ಗಾಬರಿಯಿಂದ ಎದ್ದು ಕೂತು, ನನ್ನ ಹಲ್ಲೇ ಮುರಿದುಬಿಟ್ರಾ ಅಂದರು. ಕನ್ನಡಿ ಹಿಡಿದು ತೋರಿಸಿದೆ. ಎಕ್ಸ್‌ರೇ ತೋರಿಸಿದೆ. ಬೇರಿನ ಮೂರು ಪಾಲಿನಲ್ಲಿ ಎರಡು ಪಾಲಿಗೆ ಮೂಳೆಯೇ ಇರಲಿಲ್ಲ. ಆರು ಹಲ್ಲುಗಳೂ ಒಂದನ್ನೊಂದು ಹಿಡಿದುಕೊಂಡು ನಿಂತಿದ್ದವು, ಕಲ್ಲೇ ಅವುಗಳಿಗೆ ಸಿಮೆಂಟ್. ಕಲ್ಲು ತೆಗೆದರೆ ಒಂದೊಂದೂ ತನ್ನ ಕಾಲ ಮೇಲೆ ನಿಲ್ಲಬೇಕು. ಬುಡದ ಮಣ್ಣು ಕೊಚ್ಚಿಹೋದ ಬೇಲಿ ಗೂಟ ಬರೀ ತಂತಿಯ ಬಲದಲ್ಲಿ ನಿಂತಿರುತ್ತದಲ್ವಾ? ತಂತಿ ಬಿಚ್ಚಿದವನ ಮೇಲೆ ತಪ್ಪು ಹೊರಿಸುತ್ತೇವೆ. ಆ ಹಿರಿಯರು ಕೊನೆಗೆ ಆ ತುಂಡನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೋದರು, ಮನೆಯಲ್ಲಿ ಹೆಂಡತಿಗೆ ತೋರಿಸಬೇಕಂತೆ.

ನಿಮ್ಮ ನಾದಿನಿಗೆ ಆಗಿದ್ದೂ ಇದೇ ಇರಬೇಕು. ಎರಡು ತಿಂಗಳಲ್ಲಿ ಕ್ಲೀನಿಂಗ್ ಮೂಳೆ ಕರಗಿಸಲಿಲ್ಲ. ಹತ್ತು ವರ್ಷದಲ್ಲಿ ಕರಗಿದ್ದು ಆ ದಿನ ಬಯಲಾಯಿತು. ಆದರೆ ಇಲ್ಲಿ ನಮ್ಮ ಕಡೆಯ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕುರ್ಚಿಯ ಮೇಲೆ ಕೂರಿಸುವ ಮೊದಲೇ, ನೋಡಿ ಅಮ್ಮಾ, ಈ ಎರಡು ಹಲ್ಲುಗಳಿಗೆ ಬುಡವೇ ಇಲ್ಲ, ಕಲ್ಲು ತೆಗೆದ ಮೇಲೆ ಅಲುಗಾಡಬಹುದು ಅಂತ ಎಕ್ಸ್‌ರೇ ತೋರಿಸಿ ಹೇಳಬೇಕಿತ್ತು. ಎಷ್ಟೋ ಡಾಕ್ಟರ್‌ಗಳು ಅವಸರದಲ್ಲಿ ಹೇಳುವುದಿಲ್ಲ. ಮೊದಲು ಹೇಳಿದರೆ ಅದು ಮಾಹಿತಿ, ಆಮೇಲೆ ಹೇಳಿದರೆ ನೆಪ.

ಎಲ್ಲ ಅಲುಗಾಟವೂ ಹಲ್ಲು ಹೋಗುವ ಅಲುಗಾಟವಲ್ಲ ಅನ್ನುವುದೂ ಗೊತ್ತಿರಲಿ. ವಸಡಿನ ಬಾವು ಇಳಿದ ಮೇಲೆ, ಕೆಲವು ವಾರಗಳಲ್ಲಿ, ಅಲ್ಪಸ್ವಲ್ಪ ಅಲುಗುತ್ತಿದ್ದ ಹಲ್ಲು ಬಿಗಿಯಾಗುವುದನ್ನು ನಾವು ದಿನಾ ನೋಡುತ್ತೇವೆ. ಹಾಗೆಯೇ ಹಲ್ಲುಗಳ ನಡುವೆ ಸಂದು ಬಿಟ್ಟ ಹಾಗೆ ಕಾಣುವುದು. ಆ ಸಂದು ಮೊದಲೂ ಇತ್ತು. ಅದರಲ್ಲಿ ಕಲ್ಲು ತುಂಬಿತ್ತು, ಮೇಲೆ ಊದಿದ ವಸಡು ಮುಚ್ಚಿಕೊಂಡಿತ್ತು, ಅಷ್ಟೇ.

ಪದರ ಹೋಗುತ್ತದೆ ಅನ್ನುವ ಮಾತಿಗೆ ಹೆಚ್ಚು ಹೊತ್ತು ಬೇಡ. ಹಲ್ಲಿನ ಮೇಲಿನ ಎನಾಮೆಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಕ್ಲೀನಿಂಗ್ ಮೆಷಿನ್‌ನ ತುದಿ ಕೆರೆಯುವುದಿಲ್ಲ, ಸೆಕೆಂಡಿಗೆ 25 ಸಾವಿರ ಸಲಕ್ಕೂ ಹೆಚ್ಚು ನಡುಗುತ್ತದೆ. ಆ ನಡುಕಕ್ಕೆ ಕಲ್ಲು ಬಿರುಕು ಬಿಟ್ಟು ಉದುರುತ್ತದೆ. ಬಿಸಿಯಾಗದಿರಲಿ ಅಂತ ಮೇಲೆ ನೀರು ಚಿಮ್ಮುತ್ತಿರುತ್ತದೆ. ಕೈ ಪಳಗದವರು ತುದಿಯನ್ನು ಒತ್ತಿ ಹಿಡಿದರೆ ಬೇರಿನ ಮೇಲೆ ಗೀರು ಬೀಳಬಹುದು, ಅದು ನಿಜ. ಆದರೆ ಹಲ್ಲಿನ ಪದರವನ್ನು ನಿಜವಾಗಿ ತಿಂದುಹಾಕುವುದನ್ನು ನೋಡಬೇಕಿದ್ದರೆ ಇದ್ದಿಲ ಪುಡಿ, ಇಟ್ಟಿಗೆ ಪುಡಿ, ಬೂದಿಯಲ್ಲಿ ಮೂವತ್ತು ವರ್ಷ ಉಜ್ಜಿದವರ ಬಾಯಿ ನೋಡಿ. ಹಲ್ಲಿನ ಕುತ್ತಿಗೆಯಲ್ಲಿ ಕೊಡಲಿ ಏಟು ಬಿದ್ದ ಮರದ ಹಾಗೆ ಕಚ್ಚು ಬಿದ್ದಿರುತ್ತದೆ. ಗಟ್ಟಿ ಬ್ರಷ್ ಹಿಡಿದು ಪಾತ್ರೆ ತಿಕ್ಕಿದಂತೆ ತಿಕ್ಕುವವರಿಗೂ ಅದೇ ಗತಿ.

ಇದೇ ಜಾಗದಲ್ಲಿ ಇನ್ನೊಂದು ಮಾತು, ನಿಮಗಲ್ಲದಿದ್ದರೂ ನಿಮ್ಮ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಬೇಕಾಗಬಹುದು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯಿಂದ ಕಂದು ಗೆರೆ ಬಿದ್ದ ಹಲ್ಲಿನ ಹುಡುಗ ಹುಡುಗಿಯರು ಕ್ಲೀನಿಂಗ್ ಮಾಡಿ ಬೆಳ್ಳಗೆ ಮಾಡಿ ಅಂತ ಬರುತ್ತಾರೆ. ಅದು ಕೊಳೆಯಲ್ಲ. ಚಿಕ್ಕಂದಿನಲ್ಲಿ, ಹಲ್ಲು ದವಡೆಯ ಒಳಗೆ ರೂಪುಗೊಳ್ಳುವಾಗ, ಕುಡಿಯುವ ನೀರಿನ ಜಾಸ್ತಿ ಫ್ಲೋರೈಡ್ ಹಲ್ಲಿನೊಳಗೇ ಸೇರಿಕೊಂಡಿದ್ದು. ಎಷ್ಟು ಕ್ಲೀನಿಂಗ್ ಮಾಡಿದರೂ ಹೋಗುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಹೋಗುತ್ತದೆ ಅಂತ ದುಡ್ಡು ತೆಗೆದುಕೊಳ್ಳುವವರನ್ನು ನಂಬಬೇಡಿ.

ನಿಮ್ಮ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳಲು ಮುಖ್ಯ ಕಾರಣ ಸಕ್ಕರೆ. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ವಸಡಿನ ಕಾಯಿಲೆ ಬೇಗ ಬರುತ್ತದೆ, ಜೋರಾಗಿ ಬರುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ. ಇದು ಎಲ್ಲರಿಗೂ ಅಷ್ಟೋ ಇಷ್ಟೋ ಗೊತ್ತು. ಉಲ್ಟಾ ದಿಕ್ಕಿನಲ್ಲೂ ರಸ್ತೆ ಇದೆ ಅನ್ನುವುದು ಕಡಿಮೆ ಜನಕ್ಕೆ ಗೊತ್ತು. ವಸಡಿನ ಒಳಗೆ ದಿನಾ ಉರಿಯುತ್ತಿರುವ ಬೆಂಕಿ ದೇಹದಲ್ಲಿ ಇನ್ಸುಲಿನ್ ಕೆಲಸ ಮಾಡುವುದಕ್ಕೂ ಅಡ್ಡಿ. ಕಾಕ್ರೇನ್ ಎಂಬ ಸಂಸ್ಥೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ 2022ರಲ್ಲಿ ಲೆಕ್ಕ ಹಾಕಿತು. ವಸಡಿನ ಒಳಗೆ ಕ್ಲೀನಿಂಗ್ ಮಾಡಿಸಿಕೊಂಡ ಸಕ್ಕರೆ ಕಾಯಿಲೆಯವರ ಎಚ್‌ಬಿಎ1ಸಿ ಮೂರು ನಾಲ್ಕು ತಿಂಗಳಲ್ಲಿ ಸರಾಸರಿ ಸುಮಾರು 0.4 ಇಳಿದಿತ್ತು. ನಿಮ್ಮ 8.2ಕ್ಕೆ ಇದು ಪವಾಡವಲ್ಲ. ಆದರೆ ಕೆಲವರಿಗೆ ಎರಡನೆಯ ಮಾತ್ರೆ ಸೇರಿಸಿದಾಗ ಸಿಗುವ ಲಾಭದ ಹತ್ತಿರ ಬರುತ್ತದೆ. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಹೇಳಿತು. ಅವರಿಗೆ ಕಣ್ಣು ತೋರಿಸಿ, ಕಾಲು ತೋರಿಸಿ, ಕಿಡ್ನಿ ಟೆಸ್ಟ್ ಮಾಡಿಸಿ ಅನ್ನುತ್ತಾರೆ. ಬಾಯಿ ತೋರಿಸಿ ಅನ್ನುವವರು ಇನ್ನೂ ಕಡಿಮೆ. ಸಕ್ಕರೆ ಡಾಕ್ಟರ್‌ಗಳ ಮೇಲೆ ನನ್ನ ಹಳೆಯ ದೂರು ಇದು.

ಎರಡನೆಯದು ನಿಮ್ಮ ಬಿಪಿ ಮಾತ್ರೆ. ಆಮ್ಲೊಡಿಪಿನ್ ತೆಗೆದುಕೊಳ್ಳುವ ಕೆಲವರಲ್ಲಿ ವಸಡು ದಪ್ಪಗಾಗಿ ಹಲ್ಲಿನ ಮೇಲೆ ಬೆಳೆಯುತ್ತದೆ. ಪಾಚಿ ಇದ್ದ ಬಾಯಿಯಲ್ಲಿ ಇದು ಜಾಸ್ತಿ. ನಿಮಗೆ ಹಾಗಾಗಿದೆಯೋ ಇಲ್ಲವೋ ನೋಡದೆ ಹೇಳಲಾರೆ. ಮಾತ್ರೆಯ ಹೆಸರನ್ನು ಹಲ್ಲಿನ ಡಾಕ್ಟರಿಗೆ ತಪ್ಪದೆ ಹೇಳಿ. ಇದನ್ನು ಓದಿ ನೀವೇ ಮಾತ್ರೆ ನಿಲ್ಲಿಸಬೇಡಿ. ಬದಲಿಸಬೇಕಾದರೆ ಅದನ್ನು ಬರೆದುಕೊಟ್ಟ ಡಾಕ್ಟರೇ ಬದಲಿಸಬೇಕು.

ಮಗಳ ಆರು ತಿಂಗಳ ಲೆಕ್ಕಕ್ಕೆ ಬರುತ್ತೇನೆ. ಅವಳು ಹೋಗುವ ಹೈಜೀನಿಸ್ಟ್ ಎಂಬ ವೃತ್ತಿ ಹುಟ್ಟಿದ್ದೇ ಅವಳಿರುವ ಊರಿನಿಂದ ತುಂಬಾ ದೂರವಿಲ್ಲದ ಕಡೆ. ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್‌ನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯರಿದ್ದರು. ಹಲ್ಲು ಕಿತ್ತು ಕಿತ್ತು ಬೇಸತ್ತು, ಕೆಡುವ ಮೊದಲೇ ಕ್ಲೀನ್ ಮಾಡಿದರೆ ಹೇಗೆ ಅಂತ ಯೋಚಿಸಿದವರು. 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಅವರಿಗೆ ಈ ಕೆಲಸ ಕಲಿಸಿದರು. 1913ರಲ್ಲಿ ಇದಕ್ಕಾಗಿಯೇ ಒಂದು ಶಾಲೆ ತೆರೆದರು. ಅಲ್ಲಿ ಕಲಿತ ಹೆಣ್ಣುಮಕ್ಕಳು ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ಕ್ಲೀನ್ ಮಾಡಿದರು, ಉಜ್ಜುವುದನ್ನು ಕಲಿಸಿದರು. ಇಂದು ಅಮೆರಿಕ, ಕೆನಡಾ, ಬ್ರಿಟನ್‌ನಲ್ಲಿ ಕ್ಲೀನಿಂಗ್ ಹೆಚ್ಚಾಗಿ ಅವರ ಕೈಯಲ್ಲೇ ಇದೆ.

ನಮ್ಮಲ್ಲೂ ಕಾಗದದ ಮೇಲೆ ಅವರಿದ್ದಾರೆ. 1948ರ ದಂತವೈದ್ಯರ ಕಾಯ್ದೆಯಲ್ಲೇ ಹೈಜೀನಿಸ್ಟ್‌ಗಳ ನೋಂದಣಿಗೆ ಜಾಗ ಇತ್ತು, ಎರಡು ವರ್ಷದ ಡಿಪ್ಲೊಮಾ ಕೂಡ ಇದೆ. ಆದರೆ ಆ ಕೋರ್ಸ್ ಮಾಡಿದವರು ಕಡಿಮೆ, ಹಲ್ಲಿನ ಡಾಕ್ಟರ್‌ಗಳು ಜಾಸ್ತಿ. ಹಾಗಾಗಿ ಕ್ಲೀನಿಂಗ್ ಅನ್ನು ಇಲ್ಲಿ ಡಾಕ್ಟರೇ ಮಾಡುತ್ತಾರೆ. ನೀವು ಹೈಜೀನಿಸ್ಟ್‌ರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ನೋಡಬೇಕಾದ್ದು ಬೇರೆ. ಪಾಕೆಟ್ ಅಳೆಯುತ್ತಾರಾ? ನಿಮ್ಮ ಕೈಗೆ ಬ್ರಷ್ ಕೊಟ್ಟು ಹೇಗೆ ಉಜ್ಜುತ್ತೀರಿ ತೋರಿಸಿ ಅನ್ನುತ್ತಾರಾ? ಇಷ್ಟಕ್ಕೆ ಸಮಯ ಕೊಡುತ್ತಾರಾ? ಹತ್ತು ನಿಮಿಷದಲ್ಲಿ ಮೆಷಿನ್ ಓಡಿಸಿ ಪಾಲಿಶ್ ಮಾಡಿ ಕಳಿಸಿದರೆ ಹಲ್ಲು ಹೊಳೆಯುತ್ತದೆ, ನಿಮ್ಮಂಥ ಬಾಯಿಗೆ ಅದು ಸಾಲದು. ನಿಮ್ಮ ಊರಲ್ಲೇ ದಂತ ಕಾಲೇಜುಗಳಿವೆ. ಖರ್ಚಿನ ಯೋಚನೆ ಇದ್ದರೆ ಅಲ್ಲಿನ ವಸಡಿನ ವಿಭಾಗಕ್ಕೆ ಹೋಗಿ. ಕಲಿಯುತ್ತಿರುವವರು ಮಾಡುತ್ತಾರೆ, ನಿಧಾನ ಆಗುತ್ತದೆ, ಮಧ್ಯೆ ಮಧ್ಯೆ ಪ್ರೊಫೆಸರ್ ಬಂದು ನೋಡಿ ಬೈಯುತ್ತಾರೆ. ಆ ಬೈಗುಳದಿಂದ ಲಾಭ ನಿಮಗೇ.

ಆರು ತಿಂಗಳು ಅನ್ನುವುದು ಎಲ್ಲರಿಗೂ ಒಂದೇ ಅಳತೆಯ ಅಂಗಿ. ಅಮೆರಿಕದಲ್ಲಿ ಹೆಚ್ಚಿನ ಇನ್ಶೂರೆನ್ಸ್‌ಗಳು ವರ್ಷಕ್ಕೆ ಎರಡು ಕ್ಲೀನಿಂಗ್‌ಗೆ ದುಡ್ಡು ಕೊಡುತ್ತವೆ, ಜನರೂ ಹೋಗುತ್ತಾರೆ. ಆದರೆ ವಸಡು ಚೆನ್ನಾಗಿರುವವರಿಗೆ ಅಷ್ಟು ಬೇಕೇ ಬೇಕು ಅನ್ನಲು ಪುರಾವೆ ಗಟ್ಟಿಯಾಗಿಲ್ಲ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಮೂರು ವರ್ಷ ಒಂದು ದೊಡ್ಡ ಅಧ್ಯಯನ ನಡೆಯಿತು. ತೀವ್ರ ಕಾಯಿಲೆ ಇಲ್ಲದವರನ್ನು ತೆಗೆದುಕೊಂಡು ಕೆಲವರಿಗೆ ಆರು ತಿಂಗಳಿಗೊಮ್ಮೆ, ಕೆಲವರಿಗೆ ವರ್ಷಕ್ಕೊಮ್ಮೆ ಕ್ಲೀನಿಂಗ್ ಮಾಡಿದರು, ಕೆಲವರಿಗೆ ಮಾಡಲೇ ಇಲ್ಲ. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ ವಸಡಿನ ರಕ್ತದಲ್ಲಿ ಮೂರು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ನನ್ನ ಹೊಟ್ಟೆಪಾಡಿಗೆ ಒಳ್ಳೆಯ ಸುದ್ದಿ ಅಲ್ಲ, ಆದರೂ ಹೇಳಬೇಕು. ಬ್ರಿಟನ್‌ನ ನೈಸ್ ಸಂಸ್ಥೆಯ ಮಾರ್ಗಸೂಚಿ 2004ರಿಂದಲೂ ದೊಡ್ಡವರಿಗೆ 3 ತಿಂಗಳಿಂದ 24 ತಿಂಗಳವರೆಗೆ ಅವರವರ ಬಾಯಿ ನೋಡಿ ತಪಾಸಣೆಯ ಅಂತರ ಗೊತ್ತು ಮಾಡಿ ಅನ್ನುತ್ತದೆ.

ಹಾಗಾದರೆ ನನಗೂ ಬೇಡವಾ ಅಂತ ಕೇಳಬೇಡಿ. ಆ ಅಧ್ಯಯನ ಮಾಡಿದ್ದು ತೀವ್ರ ಕಾಯಿಲೆಯವರನ್ನು ಬಿಟ್ಟು. ಪಾಕೆಟ್ ಆದವರ ಲೆಕ್ಕ ಪೂರ್ತಿ ಬೇರೆ. ಒಳಗಿನ ಕ್ಲೀನಿಂಗ್ ಮುಗಿದ ಮೇಲೆ ಪಾಕೆಟ್‌ನ ತಳದಲ್ಲಿ ಕೆಲವು ತಿಂಗಳಲ್ಲಿ ಬ್ಯಾಕ್ಟೀರಿಯಾ ಮತ್ತೆ ಗುಂಪು ಕಟ್ಟುತ್ತವೆ, ಅಲ್ಲಿಗೆ ನಿಮ್ಮ ಬ್ರಷ್ ಇಳಿಯುವುದಿಲ್ಲ. ಹಾಗಾಗಿ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಹೋಗಿ. ರಕ್ತ ನಿಂತು, ಪಾಕೆಟ್ ಕಡಿಮೆಯಾಗಿ, ಸಕ್ಕರೆಯೂ ಹತೋಟಿಗೆ ಬಂದರೆ ಆರು ತಿಂಗಳಿಗೆ ಹಿಗ್ಗಿಸಬಹುದು. ಮತ್ತೆ ಮತ್ತೆ ಮಾಡಿಸಬೇಕು ಅಂದ ನಾದಿನಿಯ ಮಾತು ಇಲ್ಲಿ ನಿಜ. ಆದರೆ ಕ್ಲೀನಿಂಗ್ ಅಂಟಿಸಿದ ಚಟ ಅಲ್ಲ ಅದು. ಸಕ್ಕರೆ ಮಾತ್ರೆಯನ್ನು ದಿನಾ ನುಂಗುವ ಹಾಗೆ, ಕಾಯಿಲೆ ಪೂರ್ತಿ ಹೋಗುವುದಲ್ಲ, ಹತೋಟಿಯಲ್ಲಿ ಇಡಬೇಕು ಅಷ್ಟೇ.

ಹೀಗೆ ಮಾಡಿದರೆ ಎಷ್ಟು ಉಳಿಯುತ್ತದೆ? ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಊರಿನಲ್ಲಿ ಪೆರ್ ಆಕ್ಸೆಲ್ಸನ್ ಮತ್ತು ಯಾನ್ ಲಿಂಡೆ 1970ರ ದಶಕದ ಆರಂಭದಲ್ಲಿ ಒಂದು ಕೆಲಸ ಶುರು ಮಾಡಿದರು. ಜನರಿಗೆ ಸರಿಯಾಗಿ ಉಜ್ಜುವುದನ್ನು ಕಲಿಸಿ, ಅವರವರ ಅಗತ್ಯಕ್ಕೆ ತಕ್ಕ ಹಾಗೆ ಕೆಲವು ತಿಂಗಳಿಗೊಮ್ಮೆ ಕರೆಸಿ ಕ್ಲೀನ್ ಮಾಡಿಸುತ್ತಾ ಹೋದರು. 30 ವರ್ಷ ಬಿಡದೆ ಬಂದ 257 ಜನರ ವರದಿ 2004ರಲ್ಲಿ ಪ್ರಕಟವಾಯಿತು. ಆ ಮೂವತ್ತು ವರ್ಷದಲ್ಲಿ ಒಬ್ಬೊಬ್ಬರು ಕಳೆದುಕೊಂಡಿದ್ದು ಸರಾಸರಿ ಎರಡಕ್ಕಿಂತ ಕಡಿಮೆ ಹಲ್ಲು. ಅದರಲ್ಲೂ ಹೆಚ್ಚಿನವು ಬೇರು ಸೀಳಿ ಹೋಗಿದ್ದು, ವಸಡಿನ ಕಾಯಿಲೆಯಿಂದ ಅಲ್ಲ. ವಯಸ್ಸಾದ ಮೇಲೆ ಹಲ್ಲು ಹೋಗುವುದು ಸಹಜ ಅನ್ನುತ್ತೇವಲ್ಲ, ಸಹಜ ಅಲ್ಲ ಅಂತ ಆ ಊರು ತೋರಿಸಿತು. ನಮ್ಮಲ್ಲಿ ಸರ್ಕಾರ ದಂತಭಾಗ್ಯ ಯೋಜನೆಯಲ್ಲಿ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕಟ್ಟಿಸಿಕೊಡುತ್ತದೆ. ಒಳ್ಳೆಯದೇ. ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆಯನ್ನು ಆ ಸಾಲಿನಲ್ಲಿ ಕೂತ ಅಜ್ಜಂದಿರು ನನಗೇ ಹೇಳಿದ್ದಾರೆ. ಅವರಲ್ಲಿ ಬಹಳಷ್ಟು ಜನ ನಲವತ್ತರಲ್ಲಿ ಒಂದು ಸಲ ವಸಡು ತೋರಿಸಿದ್ದರೆ ಆ ಸಾಲಿಗೆ ಬರುತ್ತಿರಲಿಲ್ಲ.

ಕ್ಲಿನಿಕ್‌ನಲ್ಲಿ ವರ್ಷಕ್ಕೆ ನಾಲ್ಕು ಗಂಟೆ ನಾನು ಏನು ಮಾಡಿದರೂ ಉಳಿದ ದಿನವೆಲ್ಲ ಬಾಯಿ ನಿಮ್ಮ ಕೈಯಲ್ಲೇ ಇರುತ್ತದೆ. ಮೆತ್ತನೆಯ ಬ್ರಷ್ ತನ್ನಿ. ಅದರ ಎಳೆಗಳು ಹಲ್ಲು ವಸಡು ಸೇರುವ ಗೆರೆಯ ಕಡೆಗೆ ಓರೆಯಾಗಿ ಮುಖ ಮಾಡಿರಲಿ, ಅಲ್ಲೇ ಸಣ್ಣಗೆ ನಡುಗಿಸಿ, ಎರಡು ಹಲ್ಲಿಗೊಮ್ಮೆ ಮುಂದಕ್ಕೆ ಹೋಗಿ. ನಾಲಿಗೆ ಕಡೆಯ ಭಾಗವನ್ನು ಮರೆಯಬೇಡಿ, ನಿಮ್ಮ ಕಲ್ಲು ಇರುವುದೇ ಅಲ್ಲಿ. ಎರಡು ನಿಮಿಷ ಬೇಕು. ಗಡಿಯಾರ ನೋಡಿಕೊಂಡು ಉಜ್ಜಿ ನೋಡಿ, ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ರಾತ್ರಿ ಉಜ್ಜುವುದು ಬೆಳಗ್ಗೆಗಿಂತ ಮುಖ್ಯ, ಯಾಕೆಂದರೆ ನಿದ್ದೆಯಲ್ಲಿ ಎಂಜಲು ಕಡಿಮೆಯಾಗುತ್ತದೆ, ಬಾಯಿಯ ಕಾವಲು ಇಲ್ಲದಂತಾಗುತ್ತದೆ. ನಮ್ಮ ಕಡೆ ಬೆಳಗ್ಗೆ ದೇವರಿಗೆ ಕೈ ಮುಗಿಯುವ ಮೊದಲು ಹಲ್ಲುಜ್ಜದವರು ಸಿಗುವುದಿಲ್ಲ. ರಾತ್ರಿ ಉಜ್ಜುವವರು ಹುಡುಕಿದರೆ ಸಿಗುತ್ತಾರೆ. ಪೇಸ್ಟ್ ಉಗಿದ ಮೇಲೆ ನೀರು ಹಾಕಿ ಹಾಕಿ ಮುಕ್ಕಳಿಸಬೇಡಿ. ಉಗಿದು ಬಿಡಿ ಸಾಕು, ಫ್ಲೋರೈಡ್ ಸ್ವಲ್ಪ ಹೊತ್ತು ಹಲ್ಲಿನ ಮೇಲೆ ಇರಲಿ.

ಸಂದು ಬಿಟ್ಟ ಬಾಯಿಗೆ ಬ್ರಷ್ ಒಂದೇ ಸಾಲದು. ಹಲ್ಲುಗಳ ನಡುವೆ ತೂರಿಸುವ ಪುಟ್ಟ ಬ್ರಷ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಬಾಟಲಿ ತೊಳೆಯುವ ಬ್ರಷ್‌ನ ಮರಿ ಇದ್ದ ಹಾಗೆ ಇರುತ್ತದೆ. ನಿಮ್ಮ ಸಂದಿಗೆ ಯಾವ ಸೈಜ್ ಅಂತ ಡಾಕ್ಟರ್ ಹತ್ತಿರವೇ ಕೇಳಿ. ಸಂದು ಬಿಗಿಯಾಗಿದ್ದ ಕಡೆ ದಾರ, ಅದೇ ಫ್ಲಾಸ್. ಹೇರ್‌ಪಿನ್, ಗುಂಡುಪಿನ್, ಬೆಂಕಿಕಡ್ಡಿ ಬೇಡ. ಸ್ಟಾಫ್ ರೂಮಿನಲ್ಲಿ ಇದು ನಡೆಯುತ್ತದೆ ಅಂತ ನನಗೆ ಗೊತ್ತು, ನಮ್ಮ ಅಮ್ಮನೂ ಟೀಚರ್ ಆಗಿದ್ದವರು. ಬೇವಿನ ಕಡ್ಡಿ ಕೆಟ್ಟದ್ದಲ್ಲ, ಆದರೆ ಅದು ನಾಲಿಗೆ ಕಡೆಗೆ ತಿರುಗುವುದಿಲ್ಲ. ನಾಲಿಗೆ ಹೆರೆಯುವ ಅಭ್ಯಾಸ ನಮ್ಮಲ್ಲಿ ಮೊದಲಿಂದ ಇದೆ, ಬಿಡಬೇಡಿ. ಡಾಕ್ಟರ್ ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಕೊಟ್ಟರೆ ಅವರು ಹೇಳಿದ ದಿನದಷ್ಟೇ ಬಳಸಿ. ತಿಂಗಳುಗಟ್ಟಲೆ ಹಾಕಿದರೆ ಹಲ್ಲು ಕಂದಾಗುತ್ತದೆ, ಅದನ್ನು ತೆಗೆಯಲು ಮತ್ತೆ ನಮ್ಮ ಹತ್ತಿರವೇ ಬರಬೇಕು.

ಅಡಿಕೆಯ ವಿಷಯ ಹೇಳದೆ ಬಿಡಲಾರೆ. ಹೊಗೆಸೊಪ್ಪು ಇಲ್ಲ, ಬರೀ ಅಡಿಕೆ ಅಲ್ವಾ ಅನ್ನಬೇಡಿ. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೊಗೆಸೊಪ್ಪಿಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಹೇಳಿದೆ. ಕನ್ನಡಿ ಮುಂದೆ ನಿಂತು ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯಿಗೆ ಹಾಕಿ ನೋಡಿ. ಆರಾಮಾಗಿ ಹೋಗಬೇಕು. ಬಾಯಿ ಅಷ್ಟು ತೆರೆಯದಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯಾಗಿದ್ದರೆ, ಖಾರ ತಡೆಯದಿದ್ದರೆ, ಕ್ಲೀನಿಂಗ್‌ಗೆ ಹೋದ ದಿನವೇ ಅದನ್ನೂ ತೋರಿಸಿ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಅವರಿಗೆ ಒಂದು ಮಾತು. ಅವರಿಗೆ ರಕ್ತ ಬರದೇ ಇರಬಹುದು. ಹೊಗೆ ವಸಡಿನ ರಕ್ತವನ್ನು ಮರೆಮಾಚುತ್ತದೆ, ಒಳಗೆ ಮೂಳೆ ಕರಗುತ್ತಲೇ ಇರುತ್ತದೆ. ರಕ್ತ ಬರುವ ನೀವೇ ಪುಣ್ಯವಂತರು, ಗೊತ್ತಾದರೂ ಆಯಿತು.

ಹೋಗುವ ದಿನ ಬೆಳಗಿನ ಹೊತ್ತು ತೆಗೆದುಕೊಳ್ಳಿ. ತಿಂಡಿ ತಿಂದು, ಸಕ್ಕರೆ ಮಾತ್ರೆ ತೆಗೆದುಕೊಂಡೇ ಹೋಗಿ. ಖಾಲಿ ಹೊಟ್ಟೆಯಲ್ಲಿ ಹೋಗಿ ಕುರ್ಚಿಯಲ್ಲಿ ಸಕ್ಕರೆ ಇಳಿದು ತಲೆ ಸುತ್ತಿದವರನ್ನು ನೋಡಿದ್ದೇನೆ. ರಕ್ತ ತೆಳು ಮಾಡುವ ಮಾತ್ರೆ ಏನಾದರೂ ಇದ್ದರೆ, ಹೃದಯಕ್ಕೆ ಕವಾಟ ಹಾಕಿದ್ದರೆ ಮೊದಲೇ ಹೇಳಬೇಕು. ಒಳಗಿನ ಕ್ಲೀನಿಂಗ್ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ಒಂದು ಸಲಕ್ಕೆ ಬಾಯಿಯ ಕಾಲು ಭಾಗ. ನಾಲ್ಕು ಸಲ ಅಂದಿದ್ದು ಅದಕ್ಕೇ. ಆಮೇಲೆ ಒಂದೆರಡು ವಾರ ತಣ್ಣೀರು, ಐಸ್‌ಕ್ರೀಮ್ ಜುಮ್ ಅನ್ನುತ್ತದೆ. ಕಲ್ಲಿನ ಕಂಬಳಿ ಹೊದ್ದುಕೊಂಡಿದ್ದ ಬೇರಿಗೆ ಈಗ ಗಾಳಿ ತಾಗುತ್ತಿದೆ ಅಂದುಕೊಳ್ಳಿ. ರಕ್ತ ಎರಡು ಮೂರು ವಾರದಲ್ಲಿ ಕಡಿಮೆಯಾಗಬೇಕು. ಆಗದಿದ್ದರೆ ಸುಮ್ಮನೆ ಕೂರಬೇಡಿ, ಹೋಗಿ ಕೇಳಿ.

ಇನ್ನೊಂದು. ನಿಮ್ಮ ನಾದಿನಿಗೆ ಹೋಗಿದ್ದು ಎರಡು ಹಲ್ಲು. ಉಳಿದ ಹಲ್ಲುಗಳ ಬುಡದಲ್ಲೂ ಅದೇ ಕಾಯಿಲೆ ಇರುವ ಸಾಧ್ಯತೆ ಜಾಸ್ತಿ, ಆ ಅನುಭವ ಆದ ಮೇಲೆ ಅವರು ಡಾಕ್ಟರ ಕಡೆ ತಲೆ ಹಾಕಿರಲಿಕ್ಕಿಲ್ಲ. ನೀವು ಹೋಗುವ ದಿನ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಏನೂ ಮಾಡಿಸುವುದು ಬೇಡ, ಒಂದು ಎಕ್ಸ್‌ರೇ ತೆಗೆಸಿ, ಪಾಕೆಟ್ ಅಳೆಸಿ, ಸಂಖ್ಯೆಗಳನ್ನು ಬರೆಸಿಕೊಂಡು ಬನ್ನಿ.